ಒಂದೇ ಕೈಗೆ ಒಗ್ಗಿದ ಗೇರು

ಗದಗಿನ ಕಡೆಯ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಸಂಘವೊಂದಿತ್ತು. ಅವರ ಕೆಲಸ ರೊಟ್ಟಿ ಮಾಡುವುದು. ಬೆಳಗಾಗುತ್ತಲೇ ಒಲೆಗಳು ಹತ್ತಿಕೊಳ್ಳುತ್ತಿದ್ದವು. ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಯವರೆಗೂ ಕೇಳುತ್ತಿತ್ತು. ಬೆಂದ ಜೋಳದ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿ, ಬಟ್ಟೆ ಹಾಸಿದ ಬುಟ್ಟಿಗಳಲ್ಲಿ ಜೋಡಿಸಿ, ಪಟ್ಟಣದ ಖಾನಾವಳಿಗಳಿಗೂ ಹಾಸ್ಟೆಲ್‌ಗಳಿಗೂ ಕಳಿಸುತ್ತಿದ್ದರು. ಖಡಕ್ ರೊಟ್ಟಿಯ ಗುಣ ನಿಮಗೆ ಗೊತ್ತೇ ಇದೆ. ಬಹಳ ದಿನ ಇಟ್ಟರೂ ಕೆಡುವುದಿಲ್ಲ, ಆದರೆ ಒಂದು ಜೋರು ಕುಲುಕಿಗೆ ಮುರಿದುಹೋಗುತ್ತದೆ. ಮುರುಕು ರೊಟ್ಟಿಯನ್ನು ಯಾವ ಖಾನಾವಳಿಯವರೂ ತೆಗೆದುಕೊಳ್ಳುವುದಿಲ್ಲ.

ಬುಟ್ಟಿ ಸಾಗಿಸಲು ಸಂಘಕ್ಕೆ ಒಂದು ಹಳೆಯ ವ್ಯಾನಿತ್ತು. ಅದನ್ನು ಓಡಿಸುತ್ತಿದ್ದವನು ದ್ಯಾಮಣ್ಣ. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಸಿಟ್ಟಿಲ್ಲ, ಹೇಳಿದ ಹೊತ್ತಿಗೆ ಬರುತ್ತಿದ್ದ. ವ್ಯಾನಿಗೆ ಮಾತ್ರ ಒಂದು ಕೆಟ್ಟ ರೋಗವಿತ್ತು. ಅದರ ಗೇರು ಸಡಿಲವಾಗಿತ್ತು. ಅಂಬಲಿ ಗಡಿಗೆಯಲ್ಲಿ ಹುಟ್ಟು ತಿರುಗಿಸಿದ ಹಾಗೆ ಗೇರ್ ಲಿವರು ಎಲ್ಲಾ ಕಡೆಗೂ ಆಡುತ್ತಿತ್ತು. ಯಾವ ಗೇರು ಎಲ್ಲಿದೆ ಎಂದು ಕೈಗೆ ತಿಳಿಯುತ್ತಲೇ ಇರಲಿಲ್ಲ. ಎರಡನೆಯದಕ್ಕೆ ಹಾಕಿದರೆ ನಾಲ್ಕನೆಯದಕ್ಕೆ ಬೀಳುತ್ತಿತ್ತು, ಇಲ್ಲವೇ ಎಲ್ಲಿಗೂ ಬೀಳದೆ ಕರ್ರೆಂದು ಒದರುತ್ತಿತ್ತು.

ದ್ಯಾಮಣ್ಣನ ಕೈಯಲ್ಲಿ ಮಾತ್ರ ಅದು ಒದರುತ್ತಿರಲಿಲ್ಲ. ಅವನ ಎಡಗೈ ಲಿವರನ್ನು ಹಿಡಿದು ಸ್ವಲ್ಪ ಓರೆ ಮಾಡಿ, ತುಸು ತಡೆದು, ಮಣಿಕಟ್ಟನ್ನು ಒಮ್ಮೆ ತಿರುವಿ ಒತ್ತುತ್ತಿತ್ತು. ಗೇರು ಬೆಣ್ಣೆಯಲ್ಲಿ ಚೂರಿ ಇಳಿದ ಹಾಗೆ ಇಳಿಯುತ್ತಿತ್ತು. ಬುಟ್ಟಿಯೊಳಗಿನ ಒಂದು ರೊಟ್ಟಿಯೂ ಮುರಿಯುತ್ತಿರಲಿಲ್ಲ.

‘ದ್ಯಾಮಣ್ಣನ ಕೈಗುಣ ನೋಡ್ರಿ’ ಎಂದು ಹೆಣ್ಣುಮಕ್ಕಳು ಹೊಗಳುತ್ತಿದ್ದರು. ಅವನು ಮೀಸೆ ತಿರುವುತ್ತಿದ್ದ. ಆ ಮಾತು ಅವನಿಗೆ ಹೋಳಿಗೆಗಿಂತ ಸಿಹಿಯಾಗಿತ್ತು.

ಒಮ್ಮೆ ಎಣ್ಣೆ ಬದಲಿಸಲು ವ್ಯಾನನ್ನು ದಾವಲಸಾಬನ ಗ್ಯಾರೇಜಿಗೆ ಒಯ್ದಾಗ ದಾವಲಸಾಬ ಹೇಳಿದ್ದ, “ದ್ಯಾಮಣ್ಣಾ, ಗೇರ್ ರಾಡಿನ ಬುಶ್ ಪೂರಾ ಸವದಾವ. ಬದಲಿ ಮಾಡಿಬಿಡೂಣು. ಸಣ್ಣ ಕೆಲಸ, ಮುಂಜಾನಿ ಬಂದ್ರ ಸಂಜಿಕ ಒಯ್ಯಬಹುದು.”

“ನನ್ನ ಕೈಗೇನೂ ತ್ರಾಸಿಲ್ಲ ಸಾಬ. ಬಿಡು” ಎಂದಿದ್ದ ದ್ಯಾಮಣ್ಣ.

ಆ ಮಾತು ಸುಳ್ಳಾಗಿರಲಿಲ್ಲ. ಅವನ ಕೈಗೆ ತ್ರಾಸಿರಲಿಲ್ಲ. ಆದರೆ ಮನಸ್ಸಿನೊಳಗೆ ಇನ್ನೊಂದು ಮಾತು ಕೂತಿತ್ತು. ಗೇರು ಸರಿಯಾದರೆ ಯಾರು ಬೇಕಾದರೂ ಓಡಿಸುತ್ತಾರೆ. ಆಮೇಲೆ ದ್ಯಾಮಣ್ಣನ ಕೈಗುಣವನ್ನು ಯಾರು ಕೇಳುತ್ತಾರೆ?

ಸಂಘದಲ್ಲಿ ನೀಲವ್ವ ಎಂಬ ಹೆಂಗಸಿದ್ದಳು. ತೆಳ್ಳಗೆ, ದುಂಡಗೆ ರೊಟ್ಟಿ ಬಡಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಒಲೆಯ ಹೊಗೆಗೆ ಅವಳ ಎದೆ ಕಟ್ಟುತ್ತಿತ್ತು. ಕೆಮ್ಮು ಬಂದರೆ ನಿಲ್ಲುತ್ತಲೇ ಇರಲಿಲ್ಲ. ‘ಹೊಗೆಯ ಹತ್ತಿರ ಇನ್ನು ಹೋಗಬೇಡ’ ಎಂದು ಡಾಕ್ಟರು ಹೇಳಿಬಿಟ್ಟರು. ಒಲೆ ಬಿಟ್ಟರೆ ಸಂಘ ಬಿಟ್ಟಂತೆ, ಸಂಘ ಬಿಟ್ಟರೆ ಅನ್ನ ಬಿಟ್ಟಂತೆ. ನೀಲವ್ವ ಅಳುತ್ತ ಕೂತಿದ್ದಾಗ ಸಂಘದ ಹಿರಿಯಳಾದ ಫಕ್ಕೀರವ್ವ ಒಂದು ದಾರಿ ಹೇಳಿದಳು.

“ಗಾಡಿ ಹೊಡಿಯೋದು ಕಲಿ. ದ್ಯಾಮಣ್ಣಗೂ ವಯಸ್ಸಾತು. ನಮಗ ಇನ್ನೊಬ್ಬರು ಬೇಕು.”

ನೀಲವ್ವ ಪಟ್ಟಣದ ಡ್ರೈವಿಂಗ್ ಶಾಲೆಗೆ ಹೋದಳು. ಅಲ್ಲಿಯ ಕಾರಿನಲ್ಲಿ ಚೆನ್ನಾಗಿ ಕಲಿತಳು. ಪರೀಕ್ಷೆಯಲ್ಲಿ ಪಾಸಾಗಿ ಲೈಸೆನ್ಸನ್ನೂ ತಂದಳು. ಸಂಘದ ಹೆಣ್ಣುಮಕ್ಕಳು ಅವಳ ಬಾಯಿಗೆ ಸಕ್ಕರೆ ಹಾಕಿದರು.

ಮರುದಿನ ವ್ಯಾನು ಹತ್ತಿದಾಗ ಅವಳ ಕೈಯೇ ಅವಳಿಗೆ ಮೋಸ ಮಾಡಿದಂತಾಯಿತು. ಕ್ಲಚ್ ಒತ್ತಿ ಲಿವರು ತಳ್ಳಿದರೆ ಕರ್ರೆಂದಿತು. ಮತ್ತೆ ತಳ್ಳಿದಳು. ವ್ಯಾನು ಮೂರನೇ ಗೇರಿನಲ್ಲಿ ನಡುಗಿ, ಜಿಗಿದು, ಆರಿಹೋಯಿತು. ಹಿಂದೆ ಬುಟ್ಟಿಯೊಳಗೆ ರೊಟ್ಟಿ ಪಟಪಟ ಮುರಿದ ಸಪ್ಪಳ.

ಪಕ್ಕದಲ್ಲಿ ಕೂತಿದ್ದ ದ್ಯಾಮಣ್ಣ ನಕ್ಕ. “ಈ ವ್ಯಾನು ನನ್ನ ಕೈ ಬಿಟ್ಟು ಬ್ಯಾರೆಯವರ ಮಾತು ಕೇಳಂಗಿಲ್ಲ, ತಂಗಿ. ಸರಿ, ನಾ ತೋರಸ್ತೀನಿ ನೋಡು.”

ಅವನು ಜಾಗ ಬದಲಿಸಿ ಕೂತು ಗೇರು ಹಾಕಿ ತೋರಿಸಿದ. ಸಪ್ಪಳವಿಲ್ಲದೆ ಬಿತ್ತು. “ಹಿಂಗ.”

“ಹಿಂಗ ಅಂದ್ರ ಹೆಂಗ ಅಣ್ಣಾ?”

“ಹಿಂಗ ಅಂದ್ರ ಹಿಂಗ!”

ನೀಲವ್ವ ದಿನಾ ಪ್ರಯತ್ನಪಟ್ಟಳು. ಮನೆಯಲ್ಲಿ ಲಟ್ಟಣಿಗೆಯನ್ನು ನಿಲ್ಲಿಸಿ ಹಿಡಿದು, ಅವನ ಹಾಗೆ ಮಣಿಕಟ್ಟು ತಿರುವಿ ನೋಡಿದಳು. ಯಾವುದೂ ಫಲಿಸಲಿಲ್ಲ. ಊರಿನ ಕಟ್ಟೆಯ ಮುಂದೆ ವ್ಯಾನು ಜಿಗಿದಾಗಲೆಲ್ಲ ಕಟ್ಟೆಯ ಮೇಲಿನವರು, “ರೊಟ್ಟಿ ಬಡಿಯೋ ಕೈಗೆ ಗೇರ್ ಯಾತಕ?” ಎಂದು ನಗುತ್ತಿದ್ದರು. ಒಂದು ಸಂಜೆ ಅವಳು ವ್ಯಾನಿನ ಕೀಲಿಯನ್ನು ತಂದು ಫಕ್ಕೀರವ್ವನ ಕೈಯಲ್ಲಿಟ್ಟಳು.

“ನನ್ನ ಕೈಯಾಗ ಆಗಂಗಿಲ್ಲ, ಅಕ್ಕಾ. ನನ್ನ ಕೈನ ಸರಿ ಇಲ್ಲ. ಸುಮ್ನ ಎಲ್ಲಾರ ರೊಟ್ಟಿ ಮುರದೆ.”

ದ್ಯಾಮಣ್ಣ ಅಲ್ಲೇ ಇದ್ದ. ದಾವಲಸಾಬನ ಮಾತು ಅವನಿಗೆ ನೆನಪಾಗದೆ ಇರಲಿಲ್ಲ. ಬಾಯಿಯ ತನಕ ಬಂದ ಆ ಮಾತನ್ನು ನುಂಗಿಕೊಂಡ. “ಇರ್ಲಿ ಬಿಡು ತಂಗಿ, ನಾ ಅದೀನಲ್ಲ” ಎಂದ.

ಇದಾದ ಸ್ವಲ್ಪ ದಿನಕ್ಕೆ ಒಂದು ರಾತ್ರಿ ಮಳೆ ಬಿತ್ತು. ಎರೆಮಣ್ಣು ಮಳೆಗೆ ಸಿಕ್ಕರೆ ಎಣ್ಣೆ ಸುರಿದ ಹಾಗೆ. ಬೆಳಿಗ್ಗೆ ಎಮ್ಮೆಗೆ ಮೇವು ಹಾಕಲು ಹೋದ ದ್ಯಾಮಣ್ಣ ಹಿತ್ತಲಲ್ಲಿ ಜಾರಿ ಬಿದ್ದ. ಎಡಗೈ ಮೈಕೆಳಗೆ ಸಿಕ್ಕಿ ಮುರಿಯಿತು. ದವಾಖಾನೆಯಲ್ಲಿ ಮೊಣಕೈ ದಾಟಿ ಪ್ಲಾಸ್ಟರ್ ಹಾಕಿ, ಕೊರಳಿಗೆ ಜೋಲಿ ಕಟ್ಟಿ ಕಳಿಸಿದರು.

ಅಂದು ಹಾಸ್ಟೆಲ್ಲಿನ ದೊಡ್ಡ ಊಟಕ್ಕೆ ರೊಟ್ಟಿ ಹೋಗಬೇಕಿತ್ತು. ಬುಟ್ಟಿಗಳು ತುಂಬಿ ಸಿದ್ಧವಾಗಿದ್ದವು. ಬೇರೆ ಗಾಡಿಯನ್ನು ಹುಡುಕಿದರು. ಒಂದು ಮದುವೆಯ ದಿಬ್ಬಣಕ್ಕೆ ಊರಿನ ಗಾಡಿಗಳೆಲ್ಲ ಹೋಗಿದ್ದವು. ಉಳಿದ ಟ್ರ್ಯಾಕ್ಟರಿನ ಕುಲುಕಿಗೆ ರೊಟ್ಟಿ ತಡೆಯುತ್ತಿರಲಿಲ್ಲ. ಟ್ರ್ಯಾಕ್ಟರ್ ಓಡಿಸುವ ಇಬ್ಬರು ಗಂಡಸರು ಬಂದು ವ್ಯಾನು ಹತ್ತಿ ನೋಡಿದರು. ಮೊದಲನೇ ಗೇರೂ ಸಿಗದೆ ಇಳಿದು ಹೋದರು. ಅವರ ಕೈ ಸರಿಯಿಲ್ಲ ಎಂದು ಯಾರೂ ಅನ್ನಲಿಲ್ಲ. ‘ವ್ಯಾನು ಮೊಂಡ’ ಎಂದರು. ಜೋಲಿಯಲ್ಲಿ ಕೈ ಇಟ್ಟುಕೊಂಡು ನೋಡುತ್ತಿದ್ದ ದ್ಯಾಮಣ್ಣನಿಗೆ ಆ ನೋವಿನಲ್ಲೂ ಒಳಗೊಳಗೆ ಖುಷಿಯಾಯಿತು.

ಅವನೇ ಒಂದು ಉಪಾಯ ಹೇಳಿದ. “ನೀಲವ್ವ ಸ್ಟೇರಿಂಗ್ ಹಿಡೀಲಿ, ಕ್ಲಚ್ ಒತ್ಲಿ. ನಾ ಬಾಜೂಕ ಕುಂತು ಬಲಗೈಲೆ ಗೇರ್ ಹಾಕ್ತೀನಿ. ಆಕಿ ‘ಹಾಕ್ರಿ’ ಅಂದ್ರ ಹಾಕೂದು. ನನಗ ಗೊತ್ತಿಲ್ಲದ ಗೇರ್ ಏನೈತಿ?”

ನೀಲವ್ವನಿಗೆ ಹೆದರಿಕೆ. ಆದರೆ ಬುಟ್ಟಿಗಳನ್ನು ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಫಕ್ಕೀರವ್ವ ಬುಟ್ಟಿ ಹಿಡಿದುಕೊಂಡು ಹಿಂದೆ ಕೂತಳು.

“ಹಾಕ್ರಿ ಅಣ್ಣಾ.”

ದ್ಯಾಮಣ್ಣ ಬಲಗೈಯಿಂದ ಲಿವರು ಹಿಡಿದು ಒತ್ತಿದ. ಕರ್ರ್!

ಅವನಿಗೇ ಆಶ್ಚರ್ಯ. ಕೈ ಬದಲಾದದ್ದಕ್ಕೆ ಹೀಗಾಯಿತು ಎಂದುಕೊಂಡು ಮತ್ತೆ ಒತ್ತಿದ. ಅಂತೂ ಬಿತ್ತು. ವ್ಯಾನು ಹೊರಟಿತು. ಎರಡನೆಯದಕ್ಕೆ ಹಾಕುವಾಗ ಮತ್ತೆ ಕರ್ರ್. ಎಷ್ಟು ಓರೆ ಮಾಡಬೇಕು? ಎಲ್ಲಿ ತಡೆಯಬೇಕು? ಅವನು ನೆನಪಿಸಿಕೊಳ್ಳಲು ನೋಡಿದ. ನೆನಪೇ ಇರಲಿಲ್ಲ! ಇಷ್ಟು ವರ್ಷ ಎಡಗೈ ತಾನಾಗಿಯೇ ಮಾಡುತ್ತ ಬಂದಿತ್ತು. ಅದು ಏನು ಮಾಡುತ್ತಿದೆ ಎಂದು ಅವನ ತಲೆಗೆ ಯಾವತ್ತೂ ತಿಳಿದಿರಲಿಲ್ಲ.

ಊರ ಹೊರಗೆ ಹಳ್ಳಕ್ಕೆ ಸೇತುವೆಯಿದೆ. ಸೇತುವೆಗೆ ಹೋಗುವ ದಾರಿ ಏರು. ಅರ್ಧ ಏರಿನಲ್ಲಿ ಭಾರಕ್ಕೆ ಎಂಜಿನ್ ಏದುಸಿರು ಬಿಡತೊಡಗಿತು. ನೀಲವ್ವ ಕ್ಲಚ್ ಒತ್ತಿ, “ಎರಡನೇದು ಹಾಕ್ರಿ ಅಣ್ಣಾ, ಲಗೂ!” ಎಂದಳು. ದ್ಯಾಮಣ್ಣ ಹಾಕಿದ. ಅದು ನಾಲ್ಕನೆಯದಕ್ಕೆ ಬಿತ್ತು. ಎಂಜಿನ್ ಒಮ್ಮೆ ಕೊಸರಿ ಆರಿಹೋಯಿತು. ವ್ಯಾನು ಹಿಂದಕ್ಕೆ ಜಾರತೊಡಗಿತು.

ಹಿಂದೆ ಒಂದು ಮೋಟರ್ ಸೈಕಲ್ ಬರುತ್ತಿತ್ತು. ಅದರ ಮೇಲೆ ಗಂಡ, ಹೆಂಡತಿ, ಅವಳ ತೊಡೆಯ ಮೇಲೆ ಕೂಸು.

ಫಕ್ಕೀರವ್ವ ಹಿಂದಿನ ಗಾಜಿನಿಂದ ನೋಡಿ ಚೀರಿದಳು. ನೀಲವ್ವ ಚೀರಲಿಲ್ಲ. ಎರಡೂ ಕಾಲೂರಿ ಬ್ರೇಕ್ ಒತ್ತಿದಳು, ಹ್ಯಾಂಡ್‌ಬ್ರೇಕನ್ನು ಮೈಯೆಲ್ಲ ಬಲ ಹಾಕಿ ಎಳೆದಳು. ವ್ಯಾನು ಕಿರುಗುಟ್ಟಿ ನಿಂತಿತು. ಮೋಟರ್ ಸೈಕಲ್ಲಿಗೂ ವ್ಯಾನಿಗೂ ನಡುವೆ ಒಂದು ಮೊಳ ಜಾಗವಿತ್ತು. ಬುಟ್ಟಿಗಳು ಉರುಳಿದ್ದವು. ಯಾರಿಗೂ ಏನೂ ಆಗಿರಲಿಲ್ಲ.

ಗಂಡಸು ಇಳಿದು ಬಂದವನೇ ಡ್ರೈವರ್ ಸೀಟಿನಲ್ಲಿ ಹೆಣ್ಣುಮಗಳನ್ನು ಕಂಡು ಕೂಗಾಡಿದ. “ಬರಂಗಿಲ್ಲಂದ್ರ ಯಾಕ ಕುಂದರ್ತೀಯವಾ ಅಲ್ಲಿ? ನನ್ನ ಕೂಸಿಗೆ ಏನರ ಆಗಿದ್ರ? ರೊಟ್ಟಿ ಬಡಕೊಂಡು ಮನ್ಯಾಗ ಇರಬಾರದಾ?”

ನೀಲವ್ವ ತಲೆ ತಗ್ಗಿಸಿದಳು. ತಪ್ಪು ತನ್ನದೇ ಎಂದು ಒಪ್ಪಿಕೊಳ್ಳುವುದು ಅಷ್ಟರಲ್ಲಿ ಅವಳಿಗೆ ರೂಢಿಯಾಗಿಬಿಟ್ಟಿತ್ತು.

ದ್ಯಾಮಣ್ಣ ಸುಮ್ಮನಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನ ಕೈಗುಣದ ಹೆಸರೂ ಉಳಿಯುತ್ತಿತ್ತು. ಅವನು ಒಮ್ಮೆ ಆ ಕೂಸನ್ನು ನೋಡಿದ. ಅದು ಏನೂ ತಿಳಿಯದೆ ತಾಯಿಯ ಬಳೆ ಹಿಡಿದು ಆಡುತ್ತಿತ್ತು. ಒಮ್ಮೆ ನೀಲವ್ವನನ್ನು ನೋಡಿದ. ಬಾಗಿಲು ತೆಗೆದು ಕೆಳಗಿಳಿದ.

“ಬೈಯೂದಿದ್ರ ನನಗ ಬೈರಿ, ಯಜಮಾನ್ರ. ಗೇರ್ ಹಾಕಿದ ಕೈ ನಂದು. ಗಾಡಿ ನಿಂದರಿಸಿದ ಕೈ ಆಕೀದು.”

ಹೆಂಡತಿ ಗಂಡನ ತೋಳು ಹಿಡಿದು, “ನಡೀರಿ, ಏನೂ ಆಗಿಲ್ಲಲ್ಲ. ಆ ಅಕ್ಕನ ನಮ್ಮನ್ನ ಉಳಿಸ್ಯಾಳ” ಎಂದಳು. ಅವರು ಹೊರಟು ಹೋದರು.

ದ್ಯಾಮಣ್ಣ ದಾರಿಯ ಬದಿಯ ಕಲ್ಲಿನ ಮೇಲೆ ಕೂತ. ಫಕ್ಕೀರವ್ವನೂ ನೀಲವ್ವನೂ ಇಳಿದು ಬಂದರು.

“ನೀಲವ್ವಾ, ನಿನ್ನ ಕೈ ಸರಿ ಐತಿ. ಕೆಟ್ಟದ್ದು ವ್ಯಾನು. ದಾವಲಸಾಬ ನನಗ ಎಂದೋ ಹೇಳಿದ್ದ. ನಾ ಬ್ಯಾಡ ಅಂದೆ. ಇದನ್ನ ಬ್ಯಾರೆ ಯಾರೂ ಹೊಡೀಬಾರದು ಅಂತನ ಬಿಟ್ಟಿದ್ದೆ ಅನಸ್ತೈತಿ. ಇವತ್ತು ನನ್ನ ಬಲಗೈಗೂ ಗೇರ್ ಸಿಗಲಿಲ್ಲ ನೋಡು, ಆಗ ತಿಳೀತು ನೀ ಎಷ್ಟು ಒದ್ದಾಡೀದಿ ಅಂತ.”

ನೀಲವ್ವನ ಕಣ್ಣು ತುಂಬಿ ಬಂತು. ಅದರಲ್ಲಿ ಸಿಟ್ಟೂ ಇತ್ತು. “ಅಷ್ಟು ದಿನ ಬಿಡ್ರಿ, ನಾ ಕೀಲಿ ಕೊಟ್ಟು ಅಳಕೋತ ಹೋದಾಗರ ಒಂದು ಮಾತು ಹೇಳಬಾರದಿತ್ತಾ ಅಣ್ಣಾ?”

“ಹೇಳಬೇಕಾಗಿತ್ತವ್ವಾ” ಎಂದ ದ್ಯಾಮಣ್ಣ.

ಫಕ್ಕೀರವ್ವ ಇಬ್ಬರನ್ನೂ ಬೈಯಲಿಲ್ಲ. ಮೊದಲು ಬುಟ್ಟಿಗಳನ್ನು ನೆಟ್ಟಗೆ ಮಾಡಿದಳು. ಮುರುಕು ರೊಟ್ಟಿಗಳನ್ನು ಬೇರೆ ಮಾಡಿದಳು. ಮದುವೆಗೆ ಜನರನ್ನು ಬಿಟ್ಟು ಬರುತ್ತಿದ್ದ ಒಂದು ಟೆಂಪೋವನ್ನು ಕೈಮಾಡಿ ನಿಲ್ಲಿಸಿ, ಉಳಿದ ರೊಟ್ಟಿಯನ್ನು ಅದರಲ್ಲಿ ಹೇರಿಕೊಂಡು ತಾನೇ ಹಾಸ್ಟೆಲ್ಲಿಗೆ ಹೊರಟಳು. ಹೋಗುವಾಗ, “ನೀವಿಬ್ಬರೂ ಇದನ್ನ ಸೀದಾ ದಾವಲಸಾಬನ ಕಡೆ ಒಯ್ಯಿರಿ” ಎಂದಳು.

ವ್ಯಾನನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಹೋದರು. ದಾವಲಸಾಬ ನೆಲಕ್ಕೆ ಗೋಣಿಚೀಲ ಹಾಸಿ ವ್ಯಾನಿನ ಅಡಿಗೆ ನುಸುಳಿದ. ನೀಲವ್ವನನ್ನು ಸೀಟಿನಲ್ಲಿ ಕೂರಿಸಿ ಗೇರು ಆಡಿಸಲು ಹೇಳಿದ. ಆಮೇಲೆ ದ್ಯಾಮಣ್ಣನನ್ನು ಕರೆದ. “ಬಾ, ನೀನೂ ಮಕ್ಕೊಂಡು ನೋಡು.”

ದ್ಯಾಮಣ್ಣ ಪ್ಲಾಸ್ಟರ್ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿ ಮೇಲೆ ನೋಡಿದ. ಮೇಲೆ ನೀಲವ್ವ ಲಿವರು ಆಡಿಸುತ್ತಿದ್ದಳು. ಕೆಳಗೆ ಉದ್ದನೆಯ ರಾಡು ಅಲುಗುತ್ತಲೇ ಇರಲಿಲ್ಲ. ಲಿವರು ಅರ್ಧ ದೂರ ಹೋದ ಮೇಲಷ್ಟೇ ಅದು ನಿದ್ದೆಯಿಂದ ಎದ್ದಂತೆ ತುಸು ಮಿಸುಕುತ್ತಿತ್ತು. ಲಿವರಿಗೂ ಗೇರ್ ಬಾಕ್ಸಿಗೂ ನಡುವೆ ರಾಡುಗಳು ಕೂಡುವ ಕಡೆಯಲ್ಲೆಲ್ಲ ಬಳೆಯಂಥ ಸಣ್ಣ ಬುಶ್‌ಗಳಿರಬೇಕಿತ್ತು. ಅವು ಸವೆದು, ಸೀಳಿ, ಪುಡಿಯಾಗಿದ್ದವು. ಹೆಬ್ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಲಿವರಿನ ಬುಡದ ಬೋಲ್ಟುಗಳೂ ಸಡಿಲಾಗಿದ್ದವು.

“ಗೇರ್ ಬಾಕ್ಸ್ ಛಲೋ ಐತಿ. ನಿನ್ನ ಪುಣ್ಯ” ಎಂದ ದಾವಲಸಾಬ. “ಇನ್ನೂ ಸ್ವಲ್ಪ ದಿನ ಹಿಂಗ ತಿಕ್ಕಿದ್ರ ಒಳಗಿನ ಹಲ್ಲೂ ಹೋಗ್ತಿದ್ದುವು.”

ಅವನು ಹಳೆಯ ಬುಶ್‌ಗಳನ್ನು ಕಿತ್ತು ಹೊಸವನ್ನು ಕೂರಿಸಿದ. ಗ್ರೀಸ್ ಹಚ್ಚಿದ. ಬೋಲ್ಟು ಬಿಗಿದ. ಕ್ಲಚ್ ಕೇಬಲ್ಲನ್ನೂ ಎಷ್ಟು ಬೇಕೋ ಅಷ್ಟಕ್ಕೆ ಎಳೆದು ಹೊಂದಿಸಿದ. ಲಿವರು ನಡುವೆ ನಿಂತಾಗ ಗೇರೂ ನಡುವೆ ನಿಲ್ಲುವಂತೆ ರಾಡಿನ ಅಳತೆ ಸರಿಮಾಡಿದ. “ಈಗ ಹಾಕವ್ವಾ” ಎಂದ.

ನೀಲವ್ವ ಹೆದರುತ್ತಲೇ ತಳ್ಳಿದಳು. ಟಕ್ಕೆಂದು ಬಿತ್ತು. ಎರಡನೆಯದು, ಮೂರನೆಯದು, ನಾಲ್ಕನೆಯದು. ಪ್ರತಿಯೊಂದೂ ತನ್ನ ಜಾಗದಲ್ಲಿ ಕಾಯುತ್ತಿತ್ತು. ಅವಳು ಮತ್ತೆ ಮೊದಲಿನಿಂದ ಹಾಕಿದಳು. ಮತ್ತೊಮ್ಮೆ ಹಾಕಿದಳು. ಆಮೇಲೆ ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕಳು. ಆ ನಗು ಯಾವಾಗ ಅಳುವಾಯಿತೋ ಅವಳಿಗೇ ಗೊತ್ತಾಗಲಿಲ್ಲ.

ಊರಿಗೆ ಅವಳೇ ವ್ಯಾನು ಓಡಿಸಿಕೊಂಡು ಬಂದಳು. ಕಟ್ಟೆಯ ಮುಂದೆ ಬಂದಾಗ ಅಲ್ಲಿದ್ದವರು ಜಿಗಿತಕ್ಕಾಗಿ ಕಾದರು. ವ್ಯಾನು ಜಿಗಿಯಲಿಲ್ಲ. ಸುಮ್ಮನೆ ಹಾದುಹೋಯಿತು.

ಆ ಸಂಜೆ ದ್ಯಾಮಣ್ಣ ಫಕ್ಕೀರವ್ವನ ಅಂಗಳಕ್ಕೆ ಬಂದು ನಿಂತ.

“ಅಕ್ಕಾ, ಇನ್ನು ವ್ಯಾನು ಯಾರ ಕೈಯಾಗಾದರೂ ನಡೀತೈತಿ. ನಂದು ಇಲ್ಲಿ ಏನು ಕೆಲಸ? ಕೈ ಕೂಡಿದ ಮ್ಯಾಲೆ ಬ್ಯಾರೆ ಏನರ ನೋಡ್ಕೋತೀನಿ.”

ಫಕ್ಕೀರವ್ವ ಮರುದಿನದ ಹಿಟ್ಟು ಸೋಸುತ್ತಿದ್ದಳು. ಜರಡಿಯಿಂದ ಕೈ ತೆಗೆಯದೆ ಕೇಳಿದಳು, “ದ್ಯಾಮಣ್ಣಾ, ರೊಟ್ಟಿ ಬಡಿಯೂದು ನನಗೊಬ್ಬಾಕಿಗೇ ಬರ್ತಿತ್ತಂದ್ರ ಈ ಸಂಘ ಇರ್ತಿತ್ತೇನು?”

ಫಕ್ಕೀರವ್ವ ಸೋಸುತ್ತಲೇ ಮುಂದುವರಿಸಿದಳು.

“ನಾ ಒಬ್ಬಾಕೀನ ಬಡದು, ಒಬ್ಬಾಕೀನ ಹೆಸರು ತಗೊಂಡು, ಒಂದು ದಿನ ಬೆನ್ನು ನೋವಂತ ಮಲಗಿದ್ರ ಊರ ಒಲಿ ಎಲ್ಲಾ ತಣ್ಣಗ ಆಗ್ತಿದ್ದುವು. ಹತ್ತು ಮಂದಿಗೆ ಕಲಿಸೀನಿ, ಅದಕ್ಕ ಇವತ್ತು ನಾ ಮಲಗಿದ್ರೂ ರೊಟ್ಟಿ ಆಕ್ಕಾವ. ಅಷ್ಟಾದರೂ ಮೊದಲು ನನ್ನನ್ನ ಕೇಳತಾರ, ‘ಅಕ್ಕಾ, ಹಿಟ್ಟು ಹದ ಬಂತಾ ನೋಡು’ ಅಂತ. ದಾರಿ ನಿನಗ ಗೊತ್ತೈತಿ, ಖಾನಾವಳಿಯವರ ಗುಣ ಗೊತ್ತೈತಿ, ಏರಿನ ಮ್ಯಾಲೆ ಭಾರದ ಗಾಡಿ ಹೆಂಗ ಹಿಡೀಬೇಕು ಗೊತ್ತೈತಿ. ಅದನ್ನ ಕಲಸು. ಹೋಗು, ಉಂಡು ಮಲಗು.”

ದ್ಯಾಮಣ್ಣ ಕೈ ಕೂಡುವ ತನಕ ನೀಲವ್ವನ ಪಕ್ಕದಲ್ಲಿ ಕೂತು ದಾರಿ ಹೇಳಿದ. ಯಾವ ತಿರುವಿನಲ್ಲಿ ಎಷ್ಟು ಮೊದಲೇ ನಿಧಾನ ಮಾಡಿದರೆ ಬುಟ್ಟಿ ಅಲುಗುವುದಿಲ್ಲ, ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಬಿಡಬೇಕು, ಎಲ್ಲವನ್ನೂ ಬಿಡಿಸಿ ಹೇಳಿದ. ‘ಹಿಂಗ ಅಂದ್ರ ಹಿಂಗ’ ಎಂದು ಒಮ್ಮೆಯೂ ಅನ್ನಲಿಲ್ಲ. ನೀಲವ್ವನ ಕೆಮ್ಮು ಮೆಲ್ಲಗೆ ಕಡಿಮೆಯಾಯಿತು.

ಪ್ಲಾಸ್ಟರ್ ತೆಗೆದ ಮೇಲೆ ಒಂದು ಬೆಳಿಗ್ಗೆ ನೀಲವ್ವ ಕೀಲಿಯನ್ನು ಅವನಿಗೆ ಕೊಟ್ಟಳು. “ಇವತ್ತು ನೀವ ಹೊಡೀರಿ ಅಣ್ಣಾ.”

ದ್ಯಾಮಣ್ಣ ಖುಷಿಯಿಂದ ಹತ್ತಿ ಕೂತ. ಕ್ಲಚ್ ಒತ್ತಿದ. ಎಡಗೈ ತನ್ನ ಹಳೆಯ ಅಭ್ಯಾಸದಂತೆ ಲಿವರನ್ನು ಓರೆ ಮಾಡಿ, ತಡೆದು, ಮಣಿಕಟ್ಟು ತಿರುವಿ ಒತ್ತಿತು. ಕರ್ರ್!

ಹಿಂದೆ ಬುಟ್ಟಿ ಹೇರುತ್ತಿದ್ದ ಹೆಣ್ಣುಮಕ್ಕಳು ಒಮ್ಮೆಲೇ ಗೊಳ್ಳೆಂದರು. ಕೆಟ್ಟ ವ್ಯಾನಿನಲ್ಲಿ ಕಲಿತ ಜಾಣತನ ಒಳ್ಳೆಯ ವ್ಯಾನಿನಲ್ಲಿ ತಪ್ಪಾಗಿತ್ತು. ದ್ಯಾಮಣ್ಣನ ಮುಖ ಕೆಂಪಾಯಿತು. ನೀಲವ್ವ ಕಿಟಕಿಯ ಹತ್ತಿರ ಬಂದಳು. ಅವಳು ಮಾತ್ರ ನಗಲಿಲ್ಲ.

“ಈಗ ಅದಕ್ಕ ಅಷ್ಟೆಲ್ಲಾ ಉಪಚಾರ ಬ್ಯಾಡ ಅಣ್ಣಾ. ಕೈ ಹಗೂರ ಬಿಡ್ರಿ. ಸೀದಾ ತಳ್ಳ್ರಿ. ತಾನ ದಾರಿ ಹಿಡೀತೈತಿ.”

ದ್ಯಾಮಣ್ಣ ಕೈ ಸಡಿಲ ಬಿಟ್ಟ. ಓರೆ ಮಾಡಲಿಲ್ಲ, ತಿರುವಲಿಲ್ಲ. ಸುಮ್ಮನೆ ತಳ್ಳಿದ. ಗೇರು ಬಿತ್ತು. ಅವನು ಆ ಲಿವರನ್ನೂ ತನ್ನ ಕೈಯನ್ನೂ ಒಂದು ಕ್ಷಣ ನೋಡಿ, ತಲೆ ಅಲ್ಲಾಡಿಸಿ ತಾನೂ ನಕ್ಕ. ಆಮೇಲೆ ಎಂಜಿನ್ ಆರಿಸಿ, ಕಿಟಕಿಯಿಂದ ಹೊರಗೆ ಮುಖ ಹಾಕಿ ಕೂಗಿದ.

“ನಕ್ಕವರು ಯಾರ ಯಾರ ಅದೀರಿ, ಒಬ್ಬೊಬ್ಬರ ಬರ್ರಿ ಮುಂದ. ಎಲ್ಲಾರಿಗೂ ಕಲಿಸ್ತೀನಿ.”

ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮುಂದೆ ಬಂದಳು. ದ್ಯಾಮಣ್ಣ ಇಳಿದು ಅವಳಿಗೆ ಜಾಗ ಬಿಟ್ಟ.

ನೀತಿ ಇಷ್ಟೇ: ಕೆಟ್ಟದ್ದಕ್ಕೆ ಒಗ್ಗಿಹೋಗುವುದು ಜಾಣತನವಲ್ಲ, ಕೆಟ್ಟದ್ದನ್ನು ಸರಿಮಾಡುವುದು ಜಾಣತನ. ಹೊಸಬರು ಎಡವಿದರೆ ಅವರ ಕಾಲನ್ನು ಬೈಯುವ ಮೊದಲು ದಾರಿಯ ಕಲ್ಲನ್ನು ನೋಡಿರಿ. ‘ಇದು ನನ್ನೊಬ್ಬನಿಂದಲೇ ಆಗುತ್ತದೆ’ ಎನ್ನುವವನಿಗಿಂತ ‘ಇದು ಎಲ್ಲರಿಂದಲೂ ಆಗಲಿ’ ಎನ್ನುವವನೇ ದೊಡ್ಡವನು.